ಅಗೆದವರ ಹೆಸರು

ಕ್ರಿ.ಪೂ. 7ನೆಯ ಶತಮಾನದಲ್ಲಿ ಅಸ್ಸೀರಿಯಾವನ್ನು ಆಳಿದ ಅಶ್ಶೂರ್‌ಬಾನಿಪಾಲ್ ಓದುಬರಹ ಬಲ್ಲವನೆಂದು ಹೆಮ್ಮೆಪಟ್ಟ ಅರಸ. ಟೈಗ್ರಿಸ್ ದಂಡೆಯ ನಿನೆವೆ ಅವನ ರಾಜಧಾನಿ. ಮಂತ್ರ, ಜ್ಯೋತಿಷ, ವೈದ್ಯ, ಕಥೆ, ನಿಘಂಟು ಹೀಗೆ ಕೈಗೆ ಸಿಕ್ಕಿದ ವಿದ್ಯೆಯನ್ನೆಲ್ಲ ಜೇಡಿಮಣ್ಣಿನ ಫಲಕಗಳ ಮೇಲೆ ಬೆಣೆಲಿಪಿಯಲ್ಲಿ ಪ್ರತಿ ಮಾಡಿಸಿ ಅಲ್ಲಿ ಕೂಡಿಹಾಕಿದ. ಎಷ್ಟೋ ಫಲಕಗಳ ಕೊನೆಗೆ ತನ್ನ ಹೆಸರು ಬರೆಸಿದ. ಕೆಲವಕ್ಕೆ ಶಾಪವನ್ನೂ ಸೇರಿಸಿದ: ಈ ಫಲಕವನ್ನು ಹೊತ್ತೊಯ್ದವನ, ನನ್ನ ಹೆಸರಿದ್ದಲ್ಲಿ ತನ್ನ ಹೆಸರು ಬರೆದುಕೊಂಡವನ ಹೆಸರೂ ಸಂತಾನವೂ ನೆಲದಿಂದ ಅಳಿಸಿಹೋಗಲಿ ಎಂಬುದು ಅದರ ಸಾರ. ನಮ್ಮ ಕಲ್ಲುಶಾಸನಗಳ ಕೊನೆಯ ಶಾಪಾಶಯ ಓದಿದವರಿಗೆ ಈ ಧಾಟಿ ಹೊಸದೇನಲ್ಲ.

ಕ್ರಿ.ಪೂ. 612ರಲ್ಲಿ ಬ್ಯಾಬಿಲೋನಿಯನ್ನರೂ ಮೀಡರೂ ಸೇರಿ ನಿನೆವೆಯನ್ನು ಸುಟ್ಟರು. ಅರಮನೆಗಳು ಕುಸಿದು ಮಣ್ಣಿನ ದಿಬ್ಬಗಳಾದವು. ದಿಬ್ಬದ ಮೇಲೆ ಹುಲ್ಲು ಬೆಳೆಯಿತು, ಕುರಿ ಮೇದವು, ಜನ ಉತ್ತು ಬಿತ್ತಿದರು. ಎದುರು ದಂಡೆಯಲ್ಲಿ ಇಂದಿನ ಇರಾಕಿನ ಮೋಸುಲ್ ಪಟ್ಟಣ ಬೆಳೆಯಿತು. ದಿಬ್ಬಕ್ಕೆ ಸ್ಥಳೀಯರು ಇಟ್ಟ ಹೆಸರು ಕುಯುಂಜಿಕ್.

1842ರ ಕೊನೆಯಲ್ಲಿ ಇಲ್ಲಿ ಮೊದಲು ಗುದ್ದಲಿ ಹಾಕಿಸಿದವನು ಮೋಸುಲ್‌ನಲ್ಲಿದ್ದ ಫ್ರೆಂಚ್ ಕಾನ್ಸಲ್ ಪಾಲ್ ಎಮಿಲ್ ಬೊಟ್ಟಾ. ತಿಂಗಳುಗಟ್ಟಲೆ ಅಗೆಸಿದರೂ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಆಗ ಖೊರ್ಸಾಬಾದ್ ಎಂಬ ಹಳ್ಳಿಯವನೊಬ್ಬ, ಕೆತ್ತಿದ ಕಲ್ಲು ಬೇಕಿದ್ದರೆ ನಮ್ಮೂರಿಗೆ ಬನ್ನಿ, ಮನೆಗೆ ಪಾಯ ತೋಡುವಾಗಲೆಲ್ಲ ಸಿಗುತ್ತವೆ ಎಂದು ತಿಳಿಸಿದ. 1843ರ ಮಾರ್ಚ್‌ನಲ್ಲಿ ಬೊಟ್ಟಾ ಆಳುಗಳನ್ನು ಅಲ್ಲಿಗೆ ಕಳಿಸಿದ. ಕೆಲವೇ ದಿನಗಳಲ್ಲಿ ಎರಡನೆಯ ಸಾರ್ಗೋನನ ಅರಮನೆಯ ಗೋಡೆಗಳು ಕಾಣಿಸಿಕೊಂಡವು. ಅಸ್ಸೀರಿಯಾ ಎಂಬ ಸಾಮ್ರಾಜ್ಯ ಬೈಬಲಿನ ಪುಟಗಳಿಂದ ಎದ್ದು ಕಣ್ಣೆದುರು ನಿಂತದ್ದು ಹೀಗೆ. ಇತಿಹಾಸದ ಪುಸ್ತಕಗಳಲ್ಲಿ ಬೊಟ್ಟಾನ ಹೆಸರಿದೆ. ದಾರಿ ತೋರಿದ ಹಳ್ಳಿಗ ಬರೀ ಹಳ್ಳಿಗನಾಗಿಯೇ ಉಳಿದಿದ್ದಾನೆ.

ಎರಡು ವರ್ಷದ ನಂತರ, 1845ರ ನವೆಂಬರಿನಲ್ಲಿ, ಆಸ್ಟಿನ್ ಹೆನ್ರಿ ಲೇಯಾರ್ಡ್ ಎಂಬ ಇಂಗ್ಲಿಷ್ ತರುಣ ಅದೇ ಸೀಮೆಯ ಇನ್ನೊಂದು ದಿಬ್ಬವಾದ ನಿಮ್ರೂದ್‌ನಲ್ಲಿ ಅಗೆತ ಶುರುಮಾಡಿದ. ಮನುಷ್ಯನ ಮುಖ, ಗೂಳಿಯ ಮೈ, ಹದ್ದಿನ ರೆಕ್ಕೆಯ ದ್ವಾರಪಾಲಕರು ಅಲ್ಲಿ ಸಿಕ್ಕರು. ಅವನು ಬರೆದ ಪುಸ್ತಕ 1849ರಲ್ಲಿ ಲಂಡನ್ನಿನಲ್ಲಿ ಬಿಸಿಬಿಸಿಯಾಗಿ ಖರ್ಚಾಯಿತು. ಆ ಕೆಲಸದಲ್ಲಿ ಅವನ ಬಲಗೈಯಾಗಿದ್ದವನು ಮೋಸುಲ್‌ನಲ್ಲೇ ಹುಟ್ಟಿ ಬೆಳೆದ ಹೊರ್ಮುಜ್ದ್ ರಸ್ಸಾಮ್. ಆ ನೆಲದ ಪ್ರಾಚೀನ ಕ್ರೈಸ್ತ ಸಮುದಾಯದವನು. ಕೂಲಿ ಬಟವಾಡೆ, ಲೆಕ್ಕಪತ್ರ, ಆಳುಗಳ ಜಗಳ ಬಿಡಿಸುವುದು, ಶೇಖ್‌ಗಳೊಂದಿಗೆ ಮಾತುಕತೆ ಎಲ್ಲವೂ ಇಪ್ಪತ್ತರ ಆಸುಪಾಸಿನ ಈ ಹುಡುಗನ ಹೆಗಲ ಮೇಲಿತ್ತು. 1851ರಲ್ಲಿ ಲೇಯಾರ್ಡ್ ಊರಿಗೆ ಮರಳಿದ ಮೇಲೆ ಬ್ರಿಟಿಷ್ ಮ್ಯೂಸಿಯಂ ಅಗೆತದ ಉಸ್ತುವಾರಿಯನ್ನು ರಸ್ಸಾಮ್‌ಗೆ ವಹಿಸಿತು. ಅವನ ಮೇಲೆ ಬಾಗ್ದಾದಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಹೆನ್ರಿ ರಾಲಿನ್ಸನ್. ಬೆಣೆಲಿಪಿಯನ್ನು ಓದಿದ ದೊಡ್ಡ ವಿದ್ವಾಂಸ.

ಕುಯುಂಜಿಕ್ ದಿಬ್ಬದ ಉತ್ತರ ಭಾಗದಲ್ಲಿ ಏನೋ ಇದೆ ಎಂದು ರಸ್ಸಾಮ್‌ಗೆ ಬಲವಾಗಿ ಅನ್ನಿಸುತ್ತಿತ್ತು. ಆದರೆ ಆ ಭಾಗವನ್ನು ರಾಲಿನ್ಸನ್ ಆಗಲೇ ಫ್ರೆಂಚರ ಕಾನ್ಸಲ್ ವಿಕ್ಟರ್ ಪ್ಲಾಸ್‌ಗೆ ಬಿಟ್ಟುಕೊಟ್ಟಿದ್ದ. ಒಬ್ಬ ಇಂಗ್ಲಿಷಿನವ, ಒಬ್ಬ ಫ್ರೆಂಚಿನವ ಸೇರಿ ಹಂಚಿಕೊಳ್ಳಲು ಆ ನೆಲ ಅವರದ್ದಲ್ಲ ಎಂಬುದು ರಸ್ಸಾಮ್‌ನ ವಾದ. 1853ರ ಡಿಸೆಂಬರ್ ಹೊತ್ತಿಗೆ ಹಣ ಮುಗಿಯುತ್ತ ಬಂದಿತ್ತು, ಹೊರಡುವ ದಿನವೂ ಹತ್ತಿರವಾಗಿತ್ತು. ಬಾಯಿ ಬಿಡದ ಕೆಲವು ಆಳುಗಳನ್ನು ಆರಿಸಿಕೊಂಡು ರಾತ್ರಿ ಹೊತ್ತು ಅಗೆಸಲು ನಿಂತ. ಮೊದಲು ಗೋಡೆಯ ತುಂಡುಗಳು ಸಿಕ್ಕವು. ಮತ್ತೊಂದು ರಾತ್ರಿ ಮಣ್ಣಿನ ದೊಡ್ಡ ಹೆಂಟೆಯೊಂದು ಕಳಚಿ ಬಿತ್ತು. ಬೆಳದಿಂಗಳಲ್ಲಿ ಎದುರಿಗೆ ಕಂಡದ್ದು ರಥವೇರಿ ಬೇಟೆಗೆ ಹೊರಟ ಅರಸನ ಉಬ್ಬುಶಿಲ್ಪ.

ಅರಮನೆಯೊಂದು ಸಿಕ್ಕಿದ ಮೇಲೆ ಅದನ್ನು ಕಂಡವರೇ ಅಗೆಯಬೇಕು, ಬೇರೆಯವರು ಕೈಹಾಕಬಾರದು ಎಂಬುದು ಅಲ್ಲಿನ ರೂಢಿ. ಹಾಗಾಗಿ ರಸ್ಸಾಮ್ ಹಗಲಲ್ಲೇ ಕೆಲಸ ಮುಂದುವರಿಸಿದ. ಅದು ಅಶ್ಶೂರ್‌ಬಾನಿಪಾಲನ ಅರಮನೆ. ಗೋಡೆಯುದ್ದಕ್ಕೂ ಸಿಂಹಬೇಟೆ. ಪುಟ್ಟ ಗೂಡಿನೊಳಗೆ ಕೂತ ಹುಡುಗನೊಬ್ಬ ಬೋನಿನ ಬಾಗಿಲು ಮೇಲೆತ್ತುತ್ತಾನೆ, ಸಿಂಹ ಹೊರಬರುತ್ತದೆ, ಅರಸ ಬಾಣ ಬಿಡುತ್ತಾನೆ. ಈ ಶಿಲ್ಪಗಳ ನಡುವೆ ಒಂದು ಹೆಣ್ಣುಸಿಂಹವಿದೆ. ಮೂರು ಬಾಣ ನೆಟ್ಟಿವೆ. ಸೊಂಟದ ಕೆಳಗೆ ಸ್ವಾಧೀನ ತಪ್ಪಿದೆ. ಹಿಂಗಾಲು ಎಳೆಯುತ್ತ, ಮುಂಗಾಲೂರಿ ತಲೆಯೆತ್ತಿ ಗರ್ಜಿಸುತ್ತಿದೆ. ಅರಸನ ಪರಾಕ್ರಮ ತೋರಿಸಲು ಕೂಲಿ ಪಡೆದ ಶಿಲ್ಪಿ ಸಾಯುವ ಪ್ರಾಣಿಯ ನೋವನ್ನು ಇಷ್ಟು ಮರುಕದಿಂದ ಕಡೆದಿದ್ದಾನೆ. ಅವನ ಹೆಸರೂ ನಮಗೆ ಗೊತ್ತಿಲ್ಲ.

ಸಿಂಹಬೇಟೆಯ ಶಿಲ್ಪಗಳಿದ್ದ ಕೋಣೆಯ ನೆಲದಲ್ಲೇ ರಾಶಿರಾಶಿ ಮಣ್ಣಿನ ಫಲಕಗಳು ಬಿದ್ದಿದ್ದವು. ಕೆಲವು ವರ್ಷ ಮೊದಲು ಲೇಯಾರ್ಡ್ ದಿಬ್ಬದ ಇನ್ನೊಂದು ಅರಮನೆಯಲ್ಲಿ ಕಂಡಿದ್ದ ಫಲಕಗಳ ಜೊತೆಗೆ ಇವೂ ಸೇರಿ ಅರಸನ ಗ್ರಂಥಭಂಡಾರವಾಯಿತು. ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿ ಅದರ 30,000ಕ್ಕೂ ಹೆಚ್ಚು ಫಲಕಗಳೂ ತುಂಡುಗಳೂ ಇವೆ. ನಗರವನ್ನು ಸುಟ್ಟ ಬೆಂಕಿಯೇ ಎಷ್ಟೋ ಹಸಿ ಫಲಕಗಳನ್ನು ಇಟ್ಟಿಗೆಯಂತೆ ಬೇಯಿಸಿ ಉಳಿಸಿತು. ಈ ತುಂಡುಗಳನ್ನು ಜೋಡಿಸುತ್ತಿದ್ದ ಜಾರ್ಜ್ ಸ್ಮಿತ್ 1872ರಲ್ಲಿ ಗಿಲ್ಗಮೆಶ್ ಕಾವ್ಯದ ಜಲಪ್ರಳಯದ ಕಥೆಯನ್ನು ಓದಿ ಹೇಳಿದಾಗ ಲಂಡನ್ ಬೆರಗಾಯಿತು. ಬೈಬಲಿನ ನೋಹನ ಕಥೆಗೆ ಅದಕ್ಕಿಂತ ಹಳೆಯ ಒಡಹುಟ್ಟು ಸಿಕ್ಕಿತ್ತು.

ಆದರೆ ಕಂಡುಹಿಡಿದವನಿಗೆ ಸಿಕ್ಕಿದ್ದೇನು? ಶೋಧದ ಶ್ರೇಯಸ್ಸಿನ ದೊಡ್ಡ ಪಾಲು ಬಾಗ್ದಾದಿನಲ್ಲಿ ಕೂತಿದ್ದ ರಾಲಿನ್ಸನ್‌ಗೆ ಸಂದಿತು. ರಸ್ಸಾಮ್ ಮಾಡಿದ್ದು ಆಳು ಹಿಡಿದು ಅಗೆಸುವ ಕೆಲಸವಷ್ಟೇ ಎಂಬ ಭಾವನೆ ಬೆಳೆಯಿತು. ಮುಂದೆ ಅವನು ಬಲಾವತ್‌ನಲ್ಲಿ ಕಂಚಿನ ಪಟ್ಟಿಗಳ ಮಹಾದ್ವಾರವನ್ನು ಹೊರತೆಗೆಸಿದ. 1879ರಲ್ಲಿ ಬ್ಯಾಬಿಲೋನಿನಲ್ಲಿ ಸೈರಸ್ ದೊರೆಯ ಪ್ರಖ್ಯಾತ ಮಣ್ಣಿನ ಉರುಳೆ ಸಿಕ್ಕಿದ್ದೂ ಅವನ ಅಗೆತದಲ್ಲೇ. ಇಷ್ಟಾದ ಮೇಲೂ ಅವನ ಬಂಧುಗಳು ಫಲಕಗಳನ್ನು ಕದ್ದು ಮಾರಲು ಬಿಟ್ಟರು, ಅದಕ್ಕೆ ಅವನೂ ಕಣ್ಣುಮುಚ್ಚಿಕೊಂಡ ಎಂಬ ಮಾತನ್ನು ಮ್ಯೂಸಿಯಂನ ವಾಲಿಸ್ ಬಜ್ ಆಡಿದ. ಮುದುಕ ರಸ್ಸಾಮ್ ಮಾನನಷ್ಟದ ದಾವೆ ಹೂಡಿ 1893ರಲ್ಲಿ ಗೆದ್ದ. ಪರಿಹಾರ 50 ಪೌಂಡು. ಹಳೆಯ ಗೆಳೆಯ ಲೇಯಾರ್ಡ್ ಬಹಿರಂಗವಾಗಿ ಅವನ ಪರ ನಿಂತ. ರಸ್ಸಾಮ್ ತನ್ನ ಕಥೆಯನ್ನು ತಾನೇ ಬರೆದ. ಆ ಪುಸ್ತಕ 1897ರಲ್ಲಿ ಅಚ್ಚಾದದ್ದು ಅಮೆರಿಕದಲ್ಲಿ.

ರಸ್ಸಾಮ್‌ನನ್ನು ದೇವರನ್ನಾಗಿ ಮಾಡಬೇಕಿಲ್ಲ. ಆ ಕಾಲದ ಅಗೆತವೇ ಒರಟು. ಕಲ್ಲಿನ ಫಲಕ ಹಿಡಿದು ಗೋಡೆಗುಂಟ ಸುರಂಗ ಕೊರೆಯುತ್ತ ಹೋಗುವುದು, ಒಯ್ಯಲಾಗುವುದನ್ನು ಗರಗಸದಿಂದ ಕೊಯ್ದು ಒಯ್ಯುವುದು, ಹಸಿ ಇಟ್ಟಿಗೆಯ ಗೋಡೆಯನ್ನು ಗುರುತಿಸದೆಯೇ ಕಡಿದುಹಾಕುವುದು ನಡೆದಿತ್ತು. ಯಾವ ವಸ್ತು ಯಾವ ಪದರದಲ್ಲಿ ಸಿಕ್ಕಿತೆಂಬ ಲೆಕ್ಕ ಇಡುವ ಅಭ್ಯಾಸ ಇನ್ನೂ ಬಂದಿರಲಿಲ್ಲ. ಅವನೂ ಸಾಮ್ರಾಜ್ಯದ ಸೇವೆಯಲ್ಲೇ ಇದ್ದ. ಸಿಕ್ಕಿದ್ದರಲ್ಲಿ ಎಷ್ಟೋ ಹಡಗು ಹತ್ತಿ ಇರಾಕ್ ಬಿಟ್ಟು ಹೋಯಿತು. ಆದರೆ ಈ ತಪ್ಪುಗಳು ಲೇಯಾರ್ಡ್‌ನವೂ ಹೌದು, ಪ್ಲಾಸ್‌ನವೂ ಹೌದು. ಅವರ ಹೆಸರಿಗೆ ಅದರಿಂದ ಕುಂದು ಬರಲಿಲ್ಲ. ಅಗೆತದ ನೆಲದಲ್ಲೇ ಹುಟ್ಟಿದವನ ಹೆಸರಷ್ಟೇ ಯಾಕೆ ಮಸುಕಾಯಿತು ಎಂಬುದು ಕೇಳಲೇಬೇಕಾದ ಪ್ರಶ್ನೆ.

ರಸ್ಸಾಮ್‌ಗಿಂತ ಕೆಳಗಿನ ಮೆಟ್ಟಿಲಲ್ಲಿದ್ದವರು ಇನ್ನೂ ಎಷ್ಟೋ ಜನ. 1847ರಲ್ಲಿ ನಿಮ್ರೂದ್‌ನಿಂದ ರೆಕ್ಕೆಯ ಗೂಳಿಯನ್ನು ಗಾಡಿಯ ಮೇಲಿಟ್ಟು ಟೈಗ್ರಿಸ್‌ವರೆಗೆ ಹಗ್ಗ ಹಿಡಿದು ಎಳೆದವರು ಸುಮಾರು 300 ಮಂದಿ. ಗಾಳಿ ತುಂಬಿದ ಆಡು ಕುರಿಗಳ ನೂರಾರು ಚರ್ಮದ ಚೀಲಗಳ ಮೇಲೆ ತೆಪ್ಪ ಕಟ್ಟಿ ಅದನ್ನು ಬಸ್ರಾಕ್ಕೆ ತೇಲಿಸಿದವರು ಆ ನದಿಯ ತೆಪ್ಪಗಾರರು. ಅಲ್ಲಿಂದ ನಿಮ್ರೂದ್‌ನ ಪೆಟ್ಟಿಗೆಗಳು ಮುಂಬೈ ಬಂದರಿನ ಮೂಲಕವೂ ಸಾಗಿದ್ದುಂಟು. ಇಂದಿಗೂ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ನಿಮ್ರೂದ್‌ನ ಉಬ್ಬುಶಿಲ್ಪಗಳಿವೆ. ಅಲ್ಲಿಗೆ ಹೋದವರು ತಪ್ಪದೆ ನೋಡಬೇಕು. ಅರಸನ ಗಡ್ಡದ ಒಂದೊಂದು ಸುರುಳಿಯನ್ನೂ ಕಡೆದ ಕೈ ಯಾರದ್ದು, ಮಣ್ಣಿನಿಂದ ಅದನ್ನು ಬಿಡಿಸಿದ ಕೈ ಯಾರದ್ದು ಎಂದು ಮನಸ್ಸಿನಲ್ಲಾದರೂ ಕೇಳಿಕೊಳ್ಳಬೇಕು.

ಹೆಸರು ಹೇಳುವುದು ಬರೀ ಸೌಜನ್ಯದ ಮಾತಲ್ಲ. ಒಂದು ವಸ್ತು ಎಲ್ಲಿ, ಹೇಗೆ, ಯಾರ ಕೈಯಿಂದ ಹೊರಬಂತು ಎಂಬುದೂ ಅದರ ಇತಿಹಾಸವೇ. ಅದನ್ನು ಬಿಟ್ಟರೆ ಉಳಿದದ್ದು ಅರ್ಧಸತ್ಯ. ಆ ಅರ್ಧಸತ್ಯ ಇನ್ನೊಂದು ಅನ್ಯಾಯಕ್ಕೂ ದಾರಿ ಮಾಡುತ್ತದೆ. ನಮ್ಮ ನೆಲದ ಚರಿತ್ರೆಯನ್ನು ಹೊರಗಿನವರೇ ಬಂದು ಕಂಡುಹಿಡಿದರು, ನಮ್ಮವರು ಮಣ್ಣು ಹೊತ್ತರಷ್ಟೇ ಎಂದು ಅಲ್ಲಿನ ಮಕ್ಕಳು ಓದುತ್ತ ಬೆಳೆಯುತ್ತಾರೆ. ನಿಜ ಹಾಗಿಲ್ಲ. ದಾರಿ ತೋರಿದವರು ಅಲ್ಲಿಯವರು, ದಿಬ್ಬದ ಒಡಲು ಬಲ್ಲವರು ಅಲ್ಲಿಯವರು.

2014ರಲ್ಲಿ ಮೋಸುಲ್ ಐಎಸ್ ಉಗ್ರರ ಕೈಗೆ ಬಿತ್ತು. ನಿಮ್ರೂದ್‌ನ ಅರಮನೆಯನ್ನು ಸ್ಫೋಟಿಸಿದರು, ನಿನೆವೆಯ ಮಶ್ಕಿ ಬಾಗಿಲನ್ನು ಕೆಡವಿದರು. ಊರು ಬಿಡುಗಡೆಯಾದ ಮೇಲೆ, 2022ರಲ್ಲಿ, ಆ ಬಾಗಿಲನ್ನು ಮತ್ತೆ ಕಟ್ಟುವ ಕೆಲಸದಲ್ಲಿ ತೊಡಗಿದ್ದ ಇರಾಕಿ ಮತ್ತು ಅಮೆರಿಕನ್ ತಂಡಕ್ಕೆ ಸುಮಾರು 2,700 ವರ್ಷ ಹಳೆಯ ಉಬ್ಬುಶಿಲ್ಪಗಳು ಸಿಕ್ಕವು. ಈ ಸಲ ಅವು ದೇಶ ಬಿಟ್ಟು ಹೋಗಬೇಕಿಲ್ಲ. ಅಗೆದವರಲ್ಲಿ ಆ ನೆಲದ ತಜ್ಞರೂ ಇದ್ದಾರೆ.

ಅಶ್ಶೂರ್‌ಬಾನಿಪಾಲ್ ತನ್ನ ಹೆಸರೊಂದನ್ನು ಕಾಯಲು ಶಾಪ ಹಾಕಿದ. ನಾವು ಇತರರ ಹೆಸರನ್ನು ಕಾಯಬೇಕಾದವರು, ನಮಗೆ ಶಾಪ ಬೇಡ, ಎಚ್ಚರ ಸಾಕು. ಪಠ್ಯಪುಸ್ತಕ ಬರೆಯುವವರು, ವಸ್ತುಸಂಗ್ರಹಾಲಯದ ಫಲಕ ಬರೆಸುವವರು, ತರಗತಿಯಲ್ಲಿ ಪಾಠ ಹೇಳುವ ಮೇಷ್ಟ್ರು ಲೇಯಾರ್ಡ್‌ನ ಹೆಸರು ಬಂದಲ್ಲಿ ರಸ್ಸಾಮ್‌ನ ಹೆಸರನ್ನೂ ಸೇರಿಸಲಿ. ಹೆಸರು ಉಳಿಯದವರ ಜಾಗದಲ್ಲಿ ಕನಿಷ್ಠ ಅವರಿದ್ದರು ಎಂಬ ಮಾತನ್ನಾದರೂ ಬರೆಯಲಿ. ಹಳೆಯ ಅನ್ಯಾಯವನ್ನು ಪೂರ್ತಿ ಸರಿಪಡಿಸುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಮುಂದುವರಿಸದೆ ನಿಲ್ಲಿಸುವುದು ಖಂಡಿತ ನಮ್ಮ ಕೈಯಲ್ಲಿದೆ.