ಇಂದಿನ ಚಿಂತನೆ: ಸ್ಟೀರಿಂಗ್ ಬಿಗಿಯಾದ ದಿನ



ನಮ್ಮ ಮನೆಯ ಕಾರಿಗೆ 14 ವರ್ಷ. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹೋದ ವರ್ಷದ ಬೇಸಿಗೆಯಿಂದ ಅದರ ಡ್ಯಾಶ್‌ಬೋರ್ಡಿನಲ್ಲಿ ಆಗಾಗ ಒಂದು ದೀಪ ಹೊತ್ತತೊಡಗಿತು. ಸ್ಟೀರಿಂಗ್ ಚಕ್ರದ ಚಿತ್ರ, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ. (ಮಕ್ಕಳಿಗೆ ಲೇಖನ ಚಿಹ್ನೆ ಕಲಿಸುವ ನನಗೆ ಅದರ ಅರ್ಥ ಹೊಳೆಯಬೇಕಿತ್ತು.) ಅದು ಹೊತ್ತಿದ ಕೂಡಲೇ ಸ್ಟೀರಿಂಗ್ ಬೀಸುವ ಕಲ್ಲಿನಷ್ಟು ಭಾರ. ಬದಿಗೆ ನಿಲ್ಲಿಸಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರೆ ದೀಪ ಮಾಯ, ಸ್ಟೀರಿಂಗ್ ಹಗುರ. ಶಾಲೆಗೆ ಹೋಗಿಬರುವಾಗ ವಾರಕ್ಕೊಮ್ಮೆಯಾದರೂ ಹೀಗೆ. ಸಂಜೆ ಹೆಡ್‌ಲೈಟ್ ಹಾಕಿ ತಿರುವಿನಲ್ಲಿ ಸ್ಟೀರಿಂಗ್ ಎಳೆದರೆ ಬೆಳಕು ಮಂಕಾಗುವುದನ್ನೂ ನೋಡಿದ್ದೆ. ಎರಡನ್ನೂ ಸೇರಿಸಿ ಯೋಚಿಸಲಿಲ್ಲ.

ಜುಲೈಯಲ್ಲಿ ಅವ್ವನನ್ನು ಶಿರಸಿಯಿಂದ ಕರೆತರುತ್ತಿದ್ದೆ. ದೇವಿಮನೆ ಘಟ್ಟ, ಜಡಿಮಳೆ. ವೈಪರ್, ಹೆಡ್‌ಲೈಟ್, ಗಾಜಿಗೆ ಮಂಜು ಕಟ್ಟದಂತೆ ಬ್ಲೋವರ್, ಎಲ್ಲ ಓಡುತ್ತಿತ್ತು. ಒಂದು ಕಡಿದಾದ ತಿರುವಿನ ನಡುವೆ ಆ ದೀಪ ಹೊತ್ತಿತು. ಎರಡೂ ಕೈ ಬಿಗಿಹಿಡಿದು ಎಳೆಯುವಷ್ಟರಲ್ಲಿ ಗಾಡಿ ಎದುರು ಬದಿಗೆ ಹೋಗಿಬಿಟ್ಟಿತ್ತು. ಕೆಳಗಿನಿಂದ ಒಂದು ಬೈಕ್, ಗಂಡ ಹೆಂಡತಿ, ನಡುವೆ ಮಗು. ಅವರು ಚರಂಡಿಯ ಕಡೆಗೆ ಇಳಿಸಿದ್ದರಿಂದ ಉಳಿದರು. ಆತ ಬೈಯಲೂ ಇಲ್ಲ. ಹೆಲ್ಮೆಟ್ ತೆಗೆದು ಮುಖ ಒರೆಸಿಕೊಂಡರು, ಅಷ್ಟೆ.

ಅವ್ವ ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: "ಒಂದು ನಿಂಬೆಹಣ್ಣಾದರೂ ಕಟ್ಟು ಅಂದೆ. ನೀ ಕಟ್ಟಲಿಲ್ಲ."

ನನಗೆ ಸಿಟ್ಟು ಬಂತು. ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡ ಮನೆ ನಮ್ಮದು, ಆಯುಧಪೂಜೆ ಮಾಡುವುದಿಲ್ಲ, ಚಕ್ರದಡಿ ನಿಂಬೆ ಇಡುವುದಿಲ್ಲ. ಹಾಗಂತ ಅವ್ವನಿಗೆ ಒಂದು ಭಾಷಣವನ್ನೇ ಮಾಡಿದೆ. ಕುಮಟಾ ಬಂದರೂ ಭಾಷಣ ಮುಗಿದಿರಲಿಲ್ಲ. ರಾತ್ರಿ ಮಲಗಿದಾಗ ಹೊಳೆಯಿತು, ಆರು ತಿಂಗಳು ನಾನು ಆಫ್ ಮಾಡಿ ಆನ್ ಮಾಡುತ್ತಿದ್ದದ್ದಾದರೂ ಏನು? ಅದೂ ಒಂದು ನಿಂಬೆಹಣ್ಣೇ. ಅವ್ವನದಕ್ಕಾದರೆ ಐದೋ ಹತ್ತೋ ರೂಪಾಯಿ ಆಗುತ್ತದೆ, ನನ್ನದು ಪುಕ್ಕಟೆ.

ಇಷ್ಟು ತಿಳಿದ ಮೇಲೂ ಮರುದಿನ ನಾನು ಮಾಡಿದ ಕೆಲಸ ಇನ್ನೂ ಕೆಟ್ಟದ್ದು. ಎರಡು ತಿಂಗಳ ಹಿಂದೆ ಬ್ಯಾಟರಿ ಬದಲಿಸಿಕೊಟ್ಟಿದ್ದ ಹುಡುಗನ ಬಳಿ ಹೋಗಿ, ನಾಲ್ಕು ಗಿರಾಕಿಗಳ ಎದುರು ಬೈದೆ. "ನೀ ಸರಿಯಾಗಿ ಕಟ್ಟಿದ್ದರೆ ಹೀಗಾಗ್ತಿತ್ತಾ? ನಿಮ್ಮಂಥವರ ಕೆಲಸವೇ ಇಷ್ಟು." 'ನಿಮ್ಮಂಥವರ' ಎಂಬ ಪದ ನನ್ನ ಬಾಯಿಂದ ಬಂತು. ಆ ಪದ ನಮ್ಮ ಅಪ್ಪ ಅಜ್ಜಂದಿರ ಕಿವಿಗೆ ಎಷ್ಟು ಸಲ ಬಿದ್ದಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ದೀಪ ಹೊತ್ತಲು ಶುರುವಾದದ್ದು ಬ್ಯಾಟರಿ ಬದಲಿಸುವ ಮೊದಲೇ ಎಂಬ ಸರಳ ಲೆಕ್ಕವೂ ಆಗ ನೆನಪಾಗಲಿಲ್ಲ. ಹುಡುಗ ಸುಮ್ಮನೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

ಇನ್ನೊಂದು ಕಡೆ ತೋರಿಸಿದರೆ ಸ್ಟೀರಿಂಗ್ ಕಾಲಮ್ಮನ್ನೇ ಬದಲಿಸಬೇಕು ಎಂದರು. ಕೊನೆಗೆ ಭಟ್ಕಳದ ಒಬ್ಬ ಹಿರಿಯ ಆಟೋ ಇಲೆಕ್ಟ್ರಿಷಿಯನ್ ಬಳಿ ಹೋದೆ. ಅವರು ಸ್ಟೀರಿಂಗ್ ಮುಟ್ಟಲೇ ಇಲ್ಲ. ಟೈರಿನ ಗಾಳಿ ನೋಡಿದರು, ಆಮೇಲೆ ಬಾನೆಟ್ ತೆಗೆಸಿ ಮಲ್ಟಿಮೀಟರ್ ಹಿಡಿದರು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್, ಸರಿ ಇದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಕಾರಿನ ಬಾಡಿಗೆ ಮುಟ್ಟಿಸಿ, "ಲೈಟ್ ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಅಕ್ಕೋರೇ" ಎಂದರು. ಆ ಎರಡರ ನಡುವೆ ಹೆಚ್ಚು ಕಡಿಮೆ ಸೊನ್ನೆ ಇರಬೇಕು, ತೀರಾ ಹೆಚ್ಚೆಂದರೆ 0.2 ವೋಲ್ಟ್. ನಮ್ಮದರಲ್ಲಿ ಒಂದು ವೋಲ್ಟಿಗೂ ಮೇಲೆ ಹೋಯಿತು.

ಅವರು ವಿವರಿಸಿದ್ದು ಇಷ್ಟು. ಇಂಥ ಕಾರುಗಳಲ್ಲಿ ಸ್ಟೀರಿಂಗ್ ತಿರುಗಿಸಲು ನಮ್ಮ ಕೈಗೆ ಒಂದು ಮೋಟಾರು ನೆರವಾಗುತ್ತದೆ. ಒಂದು ಹೆಡ್‌ಲೈಟ್ ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್; ನಿಧಾನದ ಕಡಿದಾದ ತಿರುವಿನಲ್ಲಿ ಈ ಮೋಟಾರು ಅದರ ಎಷ್ಟೋ ಪಟ್ಟು ಎಳೆಯುತ್ತದೆ. ಹೋದ ಕರೆಂಟು ಕಾರಿನ ಬಾಡಿಯ ಮೂಲಕವೇ ಬ್ಯಾಟರಿಗೆ ಮರಳಬೇಕು. ಬಾಡಿಗೂ ಬ್ಯಾಟರಿಗೂ ನಡುವಿನ ಅರ್ತ್ ಪಟ್ಟಿಯ ಬೋಲ್ಟು ಬ್ಯಾಟರಿ ಟ್ರೇಯ ಅಡಿಯಲ್ಲಿತ್ತು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದು ತುಕ್ಕಿನ ಗುಳ್ಳೆಯಾಗಿತ್ತು. ಮೋಟಾರಿಗೆ ಸಿಗುವ ವೋಲ್ಟೇಜ್ ತೀರಾ ಇಳಿದಾಗ ಅದರ ಕಂಟ್ರೋಲ್ ಪೆಟ್ಟಿಗೆ ನೆರವನ್ನು ನಿಲ್ಲಿಸಿ ದೀಪ ಹೊತ್ತಿಸುತ್ತದೆ. ಆಗಲೂ ಚಕ್ರ ತಿರುಗುತ್ತದೆ, ಆದರೆ ಪೂರ್ತಿ ಭಾರ ನಮ್ಮ ತೋಳಿನ ಮೇಲೆ. ಮಂಕಾಗುವ ಲೈಟಿಗೂ ಬಿಗಿಯಾಗುವ ಸ್ಟೀರಿಂಗಿಗೂ ಕಾರಣ ಒಂದೇ ಬೋಲ್ಟು.

ಉಪ್ಪುಕಾಗದದಿಂದ ಉಜ್ಜಿ, ಹೊಸ ಪಟ್ಟಿ ಹೊಸ ಬೋಲ್ಟು ಹಾಕಿ, ಮೇಲೆ ಗ್ರೀಸ್ ಬಳಿದರು. 350 ರೂಪಾಯಿ. "ಬ್ಯಾಟರಿ ಕಟ್ಟಿದವನ ಕೆಲಸ ಗಟ್ಟಿ ಇದೆ" ಎಂದೂ ಹೇಳಿದರು. ನಾನು ಕೇಳಿರಲಿಲ್ಲ.

ನಾಗಸೇನರು ಮಿಲಿಂದ ರಾಜನಿಗೆ ರಥದ ಒಂದೊಂದೇ ಭಾಗ ತೋರಿಸಿ, ಇದು ರಥವೇ, ಇದು ರಥವೇ ಎಂದು ಕೇಳಿದ ಪ್ರಸಂಗವನ್ನು ನಾವು ಕೂಟದಲ್ಲಿ ಓದಿದ್ದೇವೆ. ನನ್ನ ಕಾರಿನಲ್ಲಿ ಮೋಟಾರು, ಬ್ಯಾಟರಿ, ಬಲ್ಬು ಎಲ್ಲ ಸರಿ ಇದ್ದವು. ಕೆಟ್ಟಿದ್ದು ಅವುಗಳನ್ನು ಜೋಡಿಸುವ ಜಾಗ. ಪಟಿಚ್ಚ ಸಮುಪ್ಪಾದವನ್ನು ನಾನು ಎರಡು ಸಲ ಉಪನ್ಯಾಸದಲ್ಲಿ ವಿವರಿಸಿದ್ದೇನೆ. ಅದು ಅರ್ಥವಾದದ್ದು ಆ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಾಗ.

ಬಾಬಾಸಾಹೇಬರು ತೀರಿಕೊಂಡ ಮರುವರ್ಷ, 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪೂರ್ವಜನ್ಮದ ಕರ್ಮದ ಮಾತು ಬರುತ್ತದೆ. ಬಡವರ, ತುಳಿತಕ್ಕೊಳಗಾದವರ ಸ್ಥಿತಿಗೆ ಸಮಾಜ ಹೊಣೆಯಲ್ಲ ಎಂದು ತಪ್ಪಿಸಿಕೊಳ್ಳಲು ಆ ಸಿದ್ಧಾಂತ ನೆರವಾಗುತ್ತದೆ ಎಂಬುದು ಅವರ ಆಕ್ಷೇಪ. ನನಗೆ ಈಗ ಅದು ಹೀಗೆ ಕಾಣುತ್ತದೆ: 'ಹೋದ ಜನ್ಮದ ಪಾಪ' ಎಂದ ಕೂಡಲೇ ಅಪರಾಧಿ ಸಿಕ್ಕಿಬಿಡುತ್ತಾನೆ, ನೋವು ತಿನ್ನುವವನೇ ಆ ಅಪರಾಧಿ. ಬಾನೆಟ್ ತೆಗೆಯುವ ಕೆಲಸವೇ ಇಲ್ಲ. ನಾನು ಆ ಹುಡುಗನಿಗೆ ಮಾಡಿದ್ದೂ ಅದನ್ನೇ.

ಕೂಟದಲ್ಲಿ ಇದನ್ನು ಹೇಳಿದಾಗ ಒಬ್ಬ ಅಣ್ಣ ಕೇಳಿದರು, "ಹಾಗಾದರೆ ಎಲ್ಲವೂ ಬೋಲ್ಟಿನ ತಪ್ಪೇ? ತಪ್ಪು ಮಾಡಿದವರೇ ಇಲ್ಲವೇ?" ಪ್ರಶ್ನೆ ನ್ಯಾಯದ್ದು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟದ್ದು ಉಪ್ಪುಗಾಳಿಯಲ್ಲ, ಮನುಷ್ಯರ ಕೈಗಳು. ಆದರೆ ಅಲ್ಲಿ ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಬಿಡುಗಡೆಯಾದರು. ಕೊನೆಯವರೆಗೂ ಹುಡುಕಿ ಗಟ್ಟಿಯಾಗಿ ಸಾಬೀತು ಮಾಡದೆ ಹೋದರೆ ನಿಜವಾದ ಅಪರಾಧಿಯೂ ತಪ್ಪಿಸಿಕೊಳ್ಳುತ್ತಾನೆ. ನನ್ನಂಥವಳ ಕೈಗೆ ಹತ್ತೊಂಬತ್ತು ವರ್ಷದ ಹುಡುಗ ಸಿಗುತ್ತಾನೆ. ಅಣ್ಣನಿಗೆ ಇಷ್ಟೇ ಉತ್ತರ ಕೊಡಲು ಆಯಿತು. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಹುಡುಗನ ಬಳಿ ಮತ್ತೆ ಹೋದೆ. ಬೈದದ್ದು ಗಿರಾಕಿಗಳ ಎದುರು, ಹಾಗಾಗಿ ಗಿರಾಕಿಗಳು ಇರುವ ಹೊತ್ತನ್ನೇ ನೋಡಿ ಹೋದೆ. "ತಪ್ಪು ನನ್ನದು, ಕ್ಷಮಿಸು" ಎಂದೆ. ಅವನಿಗೆ ಮುಜುಗರ. "ಬಿಡಿ ಅಕ್ಕೋರೇ" ಅಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಅರ್ತ್ ಎಲ್ಲಿ ಹೋಗಿತ್ತು?" ಟ್ರೇ ಅಡಿ ಎಂದೆ. ಬಾನೆಟ್ ತೆಗೆಸಿ, ಬಗ್ಗಿ, ಟಾರ್ಚ್ ಬಿಟ್ಟು ನೋಡಿದ.

ಈಗ ಡಿಕ್ಕಿಯಲ್ಲಿ ನನ್ನದೇ ಒಂದು ಮಲ್ಟಿಮೀಟರ್ ಇದೆ. ಈ ಭಾನುವಾರ ಕುಮಟಾದ ಕೂಟಕ್ಕೆ ತರುತ್ತೇನೆ. ಹಳೇ ಗಾಡಿ ಇರುವವರು ವಂದನೆಗೆ ಅರ್ಧ ಗಂಟೆ ಮೊದಲೇ ಬನ್ನಿ. ಅವ್ವನೂ ಬರುತ್ತಾಳೆ, ಲೈಟ್ ಹಾಕಿ ಸ್ಟೀರಿಂಗ್ ತಿರುಗಿಸುವ ಕೆಲಸ ಅವಳದು.

ಜೈಭೀಮ್.