ಯಾವ ನದಿಯ ಯಾವ ತೀರ?

ಯಾವುದೇ ವೈದಿಕ ಕರ್ಮಕ್ಕೆ ಮೊದಲು ಸಂಕಲ್ಪ. ಸಂಕಲ್ಪದಲ್ಲಿ ಮೊದಲು ದೇಶಕಾಲಗಳ ಉಚ್ಚಾರಣೆ. ನಮ್ಮವರು ಗೋದಾವರಿಯ ದಕ್ಷಿಣತೀರವನ್ನು ಹೇಳಿ, ಸಂವತ್ಸರ ಮೊದಲ್ಗೊಂಡು ತಿಥಿಯವರೆಗೆ ಎಲ್ಲವನ್ನೂ ಹೇಳಿ, ಆ ಬಳಿಕವೇ ಕೈಯ ನೀರನ್ನು ಬಿಡುವರು. ಬಾಲ್ಯದಲ್ಲಿ ಕಂಠಸ್ಥವಾದ ಈ ಮಾತು ಸಮುದ್ರದಾಚೆಗೆ ಹೋದ ಮೇಲೂ ನಾಲಗೆಯಲ್ಲಿ ತಾನಾಗಿಯೇ ಬರುತ್ತದೆ. ಅಮೆರಿಕೆಯ ಮನೆಯೊಂದರಲ್ಲಿ ಕುಳಿತು, ಗೋದಾವರಿಯ ತೀರದಲ್ಲಿರುವೆನೆಂದು ಭಗವಂತನ ಮುಂದೆ ನುಡಿಯುವುದು ಸತ್ಯವಾದೀತೇ? ಇಂದು ಅನೇಕ ಮಾಧ್ವ ಕುಟುಂಬಗಳ ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವುದರಿಂದ ಈ ಪ್ರಶ್ನೆಯನ್ನು ವಿಚಾರಮಾಡಬೇಕಾಗಿದೆ.

ಬಾಸ್ಟನ್ ನಗರದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಕಾಂಕರ್ಡ್ ಎಂಬ ಚಿಕ್ಕ ಊರಿದೆ. ಆಂಗ್ಲರು ಅಲ್ಲಿ ನೆಲೆಸಿದ್ದು 1635ರಲ್ಲಿ. ಈಗ ಅದು ಬಾಸ್ಟನ್ನಿಗೆ ರೈಲಿನಲ್ಲಿಯೋ ಕಾರಿನಲ್ಲಿಯೋ ಉದ್ಯೋಗಕ್ಕೆ ಹೋಗಿಬರುವವರ ವಸತಿ. ಬಂಧುಗಳ ಮನೆಯಲ್ಲಿ ಕೆಲವು ದಿನ ಇದ್ದಾಗ ಆ ಊರನ್ನು ಕಾಲ್ನಡಿಗೆಯಿಂದ ನೋಡುವ ಅವಕಾಶ ನನಗೆ ಒದಗಿತು. ಅಲ್ಲಿ ಹಾಲು ತರುವುದಕ್ಕೂ ಕಾರು ಹತ್ತುವರು. ಕಿಟಕಿಯಿಂದ ಕಾಣುವುದು ಹುಲ್ಲುಹಾಸು, ಮರದ ಮನೆ, ಮತ್ತೆ ಹುಲ್ಲುಹಾಸು. ಎಲ್ಲವೂ ಒಂದೇ ಎಂಬ ಭ್ರಾಂತಿ. ನಡೆಯುವವನಿಗೆ ಹಾಗಲ್ಲ. ಒಂದು ಬೀದಿ ಇಳಿಜಾರು, ಇನ್ನೊಂದು ಏರು. ಒಂದು ಮೇಪಲ್ ಮರ ಮತ್ತೊಂದರಂತಿಲ್ಲ. ಪಾಠಶಾಲೆಯಲ್ಲಿ ಪಂಚಭೇದಗಳನ್ನು ಹೇಳುವಾಗ ಜಡ-ಜಡಗಳ ಭೇದಕ್ಕೆ ಗಡಿಗೆಯನ್ನೂ ಬಟ್ಟೆಯನ್ನೂ ತೋರಿಸುವರು. ವೇಗವು ಆ ಭೇದವನ್ನು ಮರೆಸೀತೇ ಹೊರತು ಅಳಿಸಲಾರದು.

ಹೀಗೆ ನಡೆದುದರಿಂದಲೇ ತಿಳಿದದ್ದು, ಆ ಊರಿನಲ್ಲಿ ಒಂದು ಸಂಗಮವಿದೆಯೆಂಬುದು. ಸಡ್ಬರಿ ಮತ್ತು ಅಸಾಬೆಟ್ ಎಂಬ ಎರಡು ನದಿಗಳು ಎಗ್ ರಾಕ್ ಎಂಬ ಬಂಡೆಯ ಬುಡದಲ್ಲಿ ಕೂಡಿ ಕಾಂಕರ್ಡ್ ನದಿಯಾಗುತ್ತವೆ. ಆಂಗ್ಲರು ಬರುವ ಮೊದಲು ಅಲ್ಲಿ ಬಾಳಿದ ಮೂಲನಿವಾಸಿಗಳ ನೆನಪನ್ನು ಆ ಬಂಡೆಯ ಮೇಲೆ ಕೆತ್ತಿದ್ದಾರೆ. ಸ್ನಾನಘಟ್ಟವಿಲ್ಲ, ಗುಡಿಯಿಲ್ಲ, ನೀರು ಸದ್ದಿಲ್ಲದೆ ಉತ್ತರಕ್ಕೆ ಹರಿಯುತ್ತದೆ. (ಉತ್ತರವಾಹಿನಿಯಾದ ಮಾತ್ರಕ್ಕೆ ಕಾಶಿಯಾಗದು, ಅದು ಬೇರೆ ಮಾತು.) ಊರಿನ ನಡುಭಾಗವಿರುವುದು ನದಿಯ ಪೂರ್ವತೀರದಲ್ಲಿ. ಆ ನದಿಯನ್ನು ದಿನಕ್ಕೆರಡು ಸಲ ಸೇತುವೆಯ ಮೇಲೆ ದಾಟುವ ನಮ್ಮವರನ್ನೇ, ತಾವು ಯಾವ ತೀರದಲ್ಲಿ ವಾಸವಾಗಿದ್ದೀರೆಂದು ಕೇಳಿದಾಗ ಉತ್ತರ ತಿಳಿದಿರಲಿಲ್ಲ.

ಊರ ದಕ್ಷಿಣಕ್ಕೆ ಅರ್ಧ ಗಂಟೆಯ ನಡಿಗೆಯಲ್ಲಿ ವಾಲ್ಡನ್ ಕೊಳ. 1845ರಿಂದ 1847ರವರೆಗೆ ಅದರ ದಡದಲ್ಲಿ ಗುಡಿಸಲು ಕಟ್ಟಿ ವಾಸಿಸಿದ ಥೋರೋ ಎಂಬ ಲೇಖಕನು ಭಗವದ್ಗೀತೆಯನ್ನು ಆದರದಿಂದ ಓದಿದವನು. ಬಾಸ್ಟನ್ ಸೀಮೆಯ ಕೊಳಗಳ ಮಂಜುಗಡ್ಡೆಯು 1833ರಿಂದ ಹಡಗಿನಲ್ಲಿ ಕಲ್ಕತ್ತೆಗೆ ಹೋಗುತ್ತಿತ್ತು. ವಾಲ್ಡನ್ನಿನ ಮಂಜನ್ನೂ ಕತ್ತರಿಸುವುದನ್ನು ಕಂಡ ಆತನು, ತನ್ನ ಕೊಳದ ನೀರು ಗಂಗೆಯೊಡನೆ ಬೆರೆಯುವುದೆಂದು ಬರೆದನು. ಇದನ್ನು ಅಲ್ಲಿನ ನಮ್ಮವರು ಹೆಮ್ಮೆಯಿಂದ ಹೇಳಿ, ಆದ್ದರಿಂದ ವಾಲ್ಡನ್ನೂ ಗಂಗೆಯೇ ಎಂದು ಮುಗಿಸುವರು. ಇದನ್ನು ಒಪ್ಪಲಾಗದು. ಬೆರೆತ ಮಾತ್ರಕ್ಕೆ ಐಕ್ಯವೆಂದರೆ ಸಿದ್ಧಾಂತದ ಬುಡಕ್ಕೇ ಕೊಡಲಿ. ಸ್ನಾನಕಾಲದಲ್ಲಿ ನಾವು ಏಳು ನದಿಗಳನ್ನು ಪ್ರಾರ್ಥಿಸುವುದು ಈ ನೀರಿನಲ್ಲಿ ಸನ್ನಿಹಿತರಾಗಿರಿ ಎಂದೇ ಹೊರತು, ಈ ನೀರೇ ನೀವು ಎಂದಲ್ಲ. ಗಂಗೆಯ ಅಭಿಮಾನಿದೇವತೆ, ಆಕೆಯ ಅಂತರ್ಯಾಮಿಯಾದ ಶ್ರೀಹರಿ, ಬಿಂದಿಗೆಯ ನೀರಿಗೂ ದಯಮಾಡಿಸುವರು. ಬಿಂದಿಗೆಯ ನೀರು ಬಿಂದಿಗೆಯ ನೀರಾಗಿಯೇ ಇರುವುದು. ಶ್ರೀವಾದಿರಾಜರು ತೀರ್ಥಪ್ರಬಂಧದಲ್ಲಿ ನಾಲ್ಕು ದಿಕ್ಕುಗಳ ಕ್ಷೇತ್ರಗಳನ್ನೂ ನದಿಗಳನ್ನೂ ಬೇರೆಬೇರೆಯಾಗಿಯೇ ಸ್ತುತಿಸಿದ್ದಾರಲ್ಲವೇ?

ಹಿರಿಯರ ಆಕ್ಷೇಪವೊಂದುಂಟು: ಸಂಕಲ್ಪವಾಕ್ಯವು ಪರಂಪರೆಯಿಂದ ಬಂದದ್ದು, ಕರ್ಮಭೂಮಿಯಾದ ಭಾರತದೊಡನೆ ನಮ್ಮನ್ನು ಕಟ್ಟಿರುವ ದಾರ, ಅದನ್ನು ಕಡಿಯಬಾರದು ಎಂದು. ಈ ಮಾತಿನ ಹಿಂದಿನ ಭಕ್ತಿಗೆ ತಲೆಬಾಗುವೆನು. ಆದರೆ ಏಕಾದಶಿಯ ವಿಷಯದಲ್ಲಿ ನಾವೇನು ಮಾಡುತ್ತಿದ್ದೇವೆ? ಅರುಣೋದಯದಲ್ಲಿ ದಶಮಿಯ ವೇಧೆಯುಂಟೇ ಎಂಬುದನ್ನು ಆ ಊರಿನ ಸೂರ್ಯೋದಯದಿಂದಲೇ ಗಣಿಸಿ, ಉಡುಪಿಯಲ್ಲಿ ಉಪವಾಸವಾದ ದಿನ ಅಲ್ಲಿ ಊಟಮಾಡುವ ಪ್ರಸಂಗ ಬಂದರೂ ಒಪ್ಪುತ್ತೇವೆ. ಕಾಲವು ಅಲ್ಲಿಯದಾದರೆ ದೇಶ ಮಾತ್ರ ಇಲ್ಲಿಯದಾಗುವುದು ಹೇಗೆ? ಜಗತ್ತು ಮಿಥ್ಯೆಯೆನ್ನುವವರಿಗೆ ಯಾವ ನದಿಯಾದರೇನು! ಸತ್ಯವೆನ್ನುವ ನಾವು ನಿಂತ ನೆಲವನ್ನು ಸರಿಯಾಗಿ ಹೇಳಲೇಬೇಕು. ಅಮೆರಿಕೆಯ ಕೆಲವು ದೇವಾಲಯಗಳಲ್ಲಿ ಕ್ರೌಂಚದ್ವೀಪವೆಂದು ಹೇಳುವುದುಂಟು. ಆ ಭೂಖಂಡ ಪುರಾಣೋಕ್ತವಾದ ಆ ದ್ವೀಪವೇ ಹೌದೇ ಎಂಬುದನ್ನು ಪಂಡಿತರು ನಿರ್ಣಯಿಸಲಿ. ನದಿಯನ್ನು ತಿಳಿಯಲು ಪಂಡಿತರು ಬೇಡ, ಕಾಲುಗಳು ಸಾಕು.

ನಾನು ಇಳಿದುಕೊಂಡಿದ್ದ ಮನೆಯಲ್ಲಿ ಉಪನೀತನಾದ ಹುಡುಗನೊಬ್ಬನಿದ್ದನು. ಸಂಗಮವನ್ನು ನೋಡಿ ಬಂದ ಸಂಜೆ ಅವನು ಕೇಳಿದ್ದು ಇದು: ಆಂಗ್ಲರು ಬರುವ ಮೊದಲು ಈ ನದಿಗೆ ಮಸ್ಕೆಟಾಕ್ವಿಡ್ ಎಂಬ ಹೆಸರಿತ್ತಂತೆ, ಹುಲ್ಲುಬಯಲಿನ ನದಿಯೆಂದು ಅರ್ಥವಂತೆ, ಸಂಕಲ್ಪದಲ್ಲಿ ಹಳೆಯ ಹೆಸರನ್ನು ಹೇಳಬೇಕೋ, ಈಗಿನದನ್ನೋ? ಹಳೆಯದೇ ಲೇಸೆಂದು ನನಗೆ ತೋರುತ್ತದೆ. ಅದಕ್ಕೆ ಷಷ್ಠೀವಿಭಕ್ತಿಯ ರೂಪ ಹೇಗೆಂಬುದನ್ನು ವೈಯಾಕರಣರು ದಯವಿಟ್ಟು ತಿಳಿಸಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥