ಎರವಲು ತಂದ ಅನುರಣನ

ಬಾಗಿಲು ಕಿಟಕಿಗಳನ್ನು ಮುಚ್ಚಿ, ಗೋಡೆಗಳಿಗೆ ದಪ್ಪನಾದ ಮೆತ್ತೆಯನ್ನು ಹೊದಿಸಿದ ಕೊಠಡಿಯಲ್ಲಿ ಗಾಯಕನೊಬ್ಬನು ಹಾಡಿದರೆ, ಅವನ ದನಿಯು ಬಾಯಿಂದ ಹೊರಟೊಡನೆಯೇ ಅಡಗಿಹೋಗುವುದು. ಅದೇ ಗಾಯಕನು ಕಲ್ಲುಗಂಬಗಳ ದೇವಾಲಯದ ನವರಂಗದಲ್ಲಿ ನಿಂತು ಹಾಡಿದನೆಂದರೆ, ಪ್ರತಿಯೊಂದು ಸ್ವರವೂ ಗೋಡೆ ಕಂಬ ಛಾವಣಿಗಳಿಂದ ಅಸಂಖ್ಯಾತ ಬಾರಿ ಹಿಂದಿರುಗಿ, ಒಂದರೊಡನೊಂದು ಬೆರೆತು, ಮೆಲ್ಲಮೆಲ್ಲನೆ ಕ್ಷೀಣಿಸುವುದು. ಈ ಶೇಷನಾದಕ್ಕೆ ಅನುರಣನವೆಂದು ಹೆಸರು. ಧ್ವನಿಮುದ್ರಕರು ಇದನ್ನು ರಿವರ್ಬ್ ಎನ್ನುವರು. ಪ್ರತಿಧ್ವನಿಯು ಬೇರೆ, ಇದು ಬೇರೆ. ವಿಜಯಪುರದ ಗೋಲಗುಮ್ಮಟದೊಳಗೆ ಚಪ್ಪಾಳೆ ತಟ್ಟಿದವನು ಒಂದಾದಮೇಲೊಂದರಂತೆ ಎಣಿಸಬಲ್ಲ ಮಾರ್ದನಿಗಳನ್ನು ಕೇಳುವನು. ಅನುರಣನದಲ್ಲಾದರೋ ಎಣಿಕೆಗೆ ಎಡೆಯಿಲ್ಲ, ನಾದದ ಸುತ್ತಲೂ ಸ್ಥಳವೊಂದಿದೆಯೆಂಬ ಅರಿವು ಮಾತ್ರ ಉಳಿಯುವುದು.

ಇಂದಿನ ಧ್ವನಿಮುದ್ರಣಶಾಲೆಗಳಲ್ಲಿ ಗಾಯನವನ್ನು ಸಾಮಾನ್ಯವಾಗಿ ಆ ಮೊದಲನೆಯ ಬಗೆಯ ಕೊಠಡಿಯಲ್ಲಿ ಹಿಡಿದು, ಅನುರಣನವನ್ನು ಆಮೇಲೆ ಬೇರೆಯಾಗಿ ಸೇರಿಸುವರು. ಸೇರಿಸುವುದಕ್ಕೆ ಎರಡು ಮಾರ್ಗಗಳುಂಟು. ಒಂದು, ಅದಕ್ಕಾಗಿಯೇ ನಿರ್ಮಿಸಿದ ಯಂತ್ರ. ಇನ್ನೊಂದು, ಗಣಕದೊಳಗೆ ನಡೆಯುವ ತಂತ್ರಾಂಶ. ಎರಡರಲ್ಲಿ ಯಾವುದು ಮೇಲೆಂಬ ವಾದವು ಆ ಕಸುಬಿನವರಲ್ಲಿ ಮುಗಿಯದೆ ನಡೆದಿದೆ. ಅದು ಕೇವಲ ಕಸುಬಿನ ವಾದವಾಗಿದ್ದರೆ ಸಾಹಿತ್ಯಪತ್ರಿಕೆಯ ವಾಚಕರನ್ನು ಅದಕ್ಕೆ ಕರೆಯುವ ಕಾರಣವಿರಲಿಲ್ಲ. ಆದರೆ ವಾದಿಗಳ ಮಾತನ್ನು ಕಿವಿಗೊಟ್ಟು ಕೇಳಿದವರಿಗೆ ಒಂದು ಸಂಗತಿಯು ಹೊಳೆಯದೆ ಇರದು. ಅವರು ಉಪಯೋಗಿಸುವ ಶಬ್ದಗಳು ಶಿಲ್ಪಶಾಸ್ತ್ರದವಲ್ಲ, ಧರ್ಮಶಾಸ್ತ್ರದವು. ಯಂತ್ರದ ನಾದ ‘ನಿಜ’, ತಂತ್ರಾಂಶದ್ದು ‘ಸುಳ್ಳು’; ಅದು ‘ಪ್ರಾಮಾಣಿಕ’, ಇದು ‘ಮೋಸ’. ಇಂಥ ಶಬ್ದಗಳನ್ನು ಹಗುರವಾಗಿ ಆಡತಕ್ಕದ್ದಲ್ಲ. ಆಡಿದರೆ ಅವಕ್ಕೆ ಆಧಾರವುಂಟೆ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಈ ಶಬ್ದಗಳಿಂದ ಬದುಕಿಗೇ ತೊಡಕಾಗುವುದೂ ಉಂಟು. ನನ್ನ ಪರಿಚಿತರಾದ ತರುಣರೊಬ್ಬರು ತಾಲ್ಲೂಕಿನ ಊರೊಂದರಲ್ಲಿ ಚಿಕ್ಕದೊಂದು ಮುದ್ರಣಶಾಲೆಯನ್ನು ನಡೆಸುತ್ತಾರೆ. ಭಜನಮಂಡಲಿಗಳು, ಶಾಲೆಯ ಮಕ್ಕಳು, ಜನಪದ ಗಾಯಕಿಯರು ಅವರಲ್ಲಿಗೆ ಬರುವವರು. ಎರಡು ವರ್ಷದ ಸಂಪಾದನೆಗೆ ಸಮನಾದ ಸಾಲವನ್ನು ಮಾಡಿ ಅವರು ಅನುರಣನಯಂತ್ರವೊಂದನ್ನು ತರಿಸುವ ಯೋಚನೆಯಲ್ಲಿದ್ದರು. ಈಗಿನದು ಕಿವಿಗೆ ಸಾಲದೆಂದೇ ಎಂದು ಕೇಳಿದಾಗ, “ಸಾಲದೆಂದಲ್ಲ, ಸ್ವಾಮಿ. ತಂತ್ರಾಂಶದಿಂದ ಮಾಡಿದ್ದು ಕೇಳುವವರಿಗೆ ಸುಳ್ಳು ಹೇಳಿದಂತೆ ಎನ್ನುತ್ತಾರೆ” ಎಂದರು. ಕಿವಿಗೆ ಸಾಕಾದದ್ದು ಮನಸ್ಸಾಕ್ಷಿಗೆ ಸಾಲದೆ ಹೋಯಿತೆಂದರೆ, ಪ್ರಶ್ನೆಯು ವಿಚಾರಯೋಗ್ಯವೇ ಸರಿ.

ಮೊದಲು ಈ ‘ನಿಜ’ದ ವಂಶಾವಳಿಯನ್ನು ನೋಡೋಣ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಹೊಸದಾಗಿ ತೆರೆದ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸಮಂದಿರದಲ್ಲಿ, ಆಡಿದ ಮಾತು ಐದು ಸೆಕೆಂಡಿಗೂ ಮೀರಿ ನಿಂತು ಮುಂದಿನ ಮಾತನ್ನು ನುಂಗುತ್ತಿತ್ತು. ವಾಲೆಸ್ ಸ್ಯಾಬಿನ್ ಎಂಬ ತರುಣ ಅಧ್ಯಾಪಕನು ಒಂದು ಆರ್ಗನ್ ಕೊಳವೆ, ಒಂದು ಗಡಿಯಾರ ಮತ್ತು ತನ್ನ ಕಿವಿ, ಇಷ್ಟನ್ನೇ ಸಾಧನವಾಗಿಟ್ಟುಕೊಂಡು, ನೆರೆಯ ನಾಟಕಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು ಹಾಸಿ, ನಾದವು ಎಷ್ಟು ಕಾಲದಲ್ಲಿ ಅಡಗುವುದೆಂದು ಅಳೆದನು. ಕೊಠಡಿಯ ಗಾತ್ರ ಹೆಚ್ಚಿದಷ್ಟೂ ಅನುರಣನವು ದೀರ್ಘ, ಹೀರುವ ವಸ್ತು ಹೆಚ್ಚಿದಷ್ಟೂ ಹ್ರಸ್ವ ಎಂಬ ನಿಯಮವು ಹೀಗೆ ದೊರೆಯಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಂಗೀತಮಂದಿರವನ್ನು ಆ ನಿಯಮದ ಲೆಕ್ಕದಂತೆ ಕಟ್ಟಲಾಯಿತು. ನಾದವು 60 ಡೆಸಿಬೆಲ್ಲಿನಷ್ಟು ಕುಗ್ಗಲು ಹಿಡಿಯುವ ಕಾಲವನ್ನೇ ಇಂದಿಗೂ ಅನುರಣನಕಾಲವೆನ್ನುವರು. ಅಂದರೆ ಕಲ್ಲು ಗಾರೆಗಳ ಮಂದಿರಕ್ಕಿಂತ ಮುಂಚೆಯೇ ಲೆಕ್ಕವು ಒಳಹೊಕ್ಕಿತ್ತು.

ಎರವಲಿನ ಕಥೆಯು ಆಮೇಲಿನದು. 1947ರಲ್ಲಿ ಷಿಕಾಗೋ ನಗರದ ಬಿಲ್ ಪಟ್ನಮ್ ಎಂಬ ಧ್ವನಿಮುದ್ರಕನು ಹಾರ್ಮೋನಿಕ್ಯಾಟ್ಸ್ ಎಂಬ ಮೇಳದವರ ವಾದನವನ್ನು ಸ್ನಾನಗೃಹವೊಂದರೊಳಗೆ ಧ್ವನಿವರ್ಧಕದಿಂದ ನುಡಿಸಿ, ಅಲ್ಲಿ ಹುಟ್ಟಿದ ಅನುರಣನವನ್ನು ಮೈಕಿನಿಂದ ಹಿಡಿದು ಮುದ್ರಿಕೆಗೆ ಬೆರೆಸಿದನು. ಮುದ್ರಿಕೆಯು ಜನಪ್ರಿಯವಾಯಿತು, ವಾದಕರು ಸ್ನಾನಗೃಹದಲ್ಲಿ ಕುಳಿತಿರಲಿಲ್ಲವೆಂದು ಯಾರೂ ದೂರಲಿಲ್ಲ. 1957ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆಯವರು ಕೊಠಡಿಯನ್ನೂ ಬಿಟ್ಟು, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡೊಂದನ್ನು ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿದರು. ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ. ಪೆಟ್ಟಿಗೆಯ ತೂಕ ಇನ್ನೂರೈವತ್ತು ಕಿಲೋಗ್ರಾಮಿಗೂ ಮೇಲು. ಹಾಡಿನ ಕಂಪನವನ್ನು ತಗಡಿಗೆ ಊಡಿದರೆ ಅದು ಮಂದಿರದಂತೆ ಅನುರಣಿಸುವುದು. ಇದೇ ಇಂದು ಯಂತ್ರಪಕ್ಷದವರು ಭಕ್ತಿಯಿಂದ ಹೆಸರೆತ್ತುವ ‘ಪ್ಲೇಟ್’. ಅರುವತ್ತರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮಾನ್‌ಫ್ರೆಡ್ ಶ್ರೋಡರನು ವಿಳಂಬ ಮತ್ತು ಪುನರಾವರ್ತನೆಗಳ ಗಣಿತದಿಂದಲೇ ಅನುರಣನವನ್ನು ಸೃಷ್ಟಿಸಬಹುದೆಂದು ತೋರಿಸಿದನು. 1976ರ ಇ.ಎಂ.ಟಿ. 250, 1978ರ ಲೆಕ್ಸಿಕನ್ 224 ಎಂಬ ಯಂತ್ರಗಳು ಆ ಬಗೆಯ ಗಣಿತವನ್ನು ಕಬ್ಬಿಣದ ಪೆಟ್ಟಿಗೆಗಳಲ್ಲಿ ತುಂಬಿಕೊಟ್ಟವು.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಲೆಕ್ಸಿಕನ್ ಪೆಟ್ಟಿಗೆಯು ಯಂತ್ರವೋ, ತಂತ್ರಾಂಶವೋ? ಹೊರಗೆ ಗುಂಡಿ ಕೀಲುಗಳಿವೆ. ಒಳಗೆ ನಡೆಯುವುದು ಸಂಕಲನ ಗುಣಾಕಾರ. ಅದೇ ಲೆಕ್ಕವನ್ನು ಗಣಕದಲ್ಲಿ ಮಾಡಿದರೆ ಸುಳ್ಳಾಗುವುದಾದರೆ, ಸತ್ಯವು ಪೆಟ್ಟಿಗೆಯ ತಗಡಿನಲ್ಲಿ ವಾಸವಾಗಿದೆಯೆಂದು ಒಪ್ಪಬೇಕಾಗುವುದು. ಮಂದಿರವನ್ನು ಸ್ನಾನಗೃಹವು ಅನುಕರಿಸಿತು, ತಗಡು ಅನುಕರಿಸಿತು. ಇಂದು ಮಾರಾಟಕ್ಕಿರುವ ತಂತ್ರಾಂಶಗಳಲ್ಲಿ ಹಲವು ಮಂದಿರವನ್ನು ಬಿಟ್ಟು ಆ ತಗಡನ್ನೇ ಅನುಕರಿಸುತ್ತಿವೆ. ಅಜ್ಜನ ವೇಷವನ್ನು ಹಾಕಿದವನನ್ನೇ ಅಜ್ಜನೆಂದು ತಿಳಿದು ಮೊಮ್ಮಗನು ಅವನ ವೇಷವನ್ನು ಹಾಕಿದಂತಾಯಿತು.

“ತಗಡು ನಿಜವಾಗಿ ಕಂಪಿಸುವುದು, ಅಂಕಿ ಕಂಪಿಸದು” ಎಂದು ಪೂರ್ವಪಕ್ಷದವರು ಹೇಳಬಹುದು. ಸರಿ. ಆದರೆ ಕಂಪನವು ನಿಜವಾದದ್ದು ತಗಡಿನ ಕಂಪನವೆಂದು. ಅದು ಕೇಳುವವನಿಗೆ ಹೇಳುವುದು ‘ಇಗೋ, ವಿಶಾಲವಾದ ಮಂದಿರ’ ಎಂದು. ಯಕ್ಷಗಾನದ ರಾಜನು ಬೇಗಡೆಯ ಕಿರೀಟವನ್ನು ಬಿಟ್ಟು ಅಪ್ಪಟ ಚಿನ್ನದ್ದನ್ನು ಧರಿಸಿದ ಮಾತ್ರಕ್ಕೆ ಅವನಿಗೆ ರಾಜ್ಯವು ಬರುವುದಿಲ್ಲ. ಬೇಗಡೆಯದು ಸುಳ್ಳೆಂದೂ ಪ್ರೇಕ್ಷಕನು ದೂರುವುದಿಲ್ಲ, ಏಕೆಂದರೆ ಅವನು ಬಂದಿರುವುದು ಆಟಕ್ಕೆ. ಚಲನಚಿತ್ರದ ನಾಯಕನು ಬೆಟ್ಟದ ತುದಿಯಲ್ಲಿ ನಿಂತು, ಮಂದಿರದೊಳಗಿನ ದನಿಯಲ್ಲಿ ಹಾಡಿದಾಗ ನಾವು ಮೋಸಹೋಗುತ್ತೇವೆಯೆ? ಮೋಸವೆಂಬುದು ವಸ್ತುವಿನಲ್ಲಿಲ್ಲ, ಕೊಟ್ಟ ಮಾತಿನಲ್ಲಿದೆ. ‘ಇಂಥ ಊರಿನ ಅಂಗಳದಲ್ಲಿ ಹಾಡಿದಂತೆಯೇ ಹಿಡಿದ ಹಾಡು’ ಎಂದು ಹೇಳಿಕೊಂಡ ಮುದ್ರಿಕೆಗೆ ಇಗರ್ಜಿಯ ಅನುರಣನವನ್ನು ಬೆರೆಸಿದರೆ ಅದು ಅಸತ್ಯ; ಆಗ ಬೆರೆಸಿದ್ದು ತಗಡಾದರೂ ಅಸತ್ಯವೇ, ಅಂಕಿಯಾದರೂ ಅಸತ್ಯವೇ.

ಹಾಗಾದರೆ ಯಂತ್ರಪಕ್ಷದಲ್ಲಿ ಸತ್ತ್ವವೇ ಇಲ್ಲವೆ? ಇದೆ; ಅದು ಅವರು ಹೇಳುವ ಕಡೆಯಲ್ಲಿಲ್ಲ, ಅಷ್ಟೆ. ಹಿಂದಿನ ಮುದ್ರಣಶಾಲೆಯಲ್ಲಿ ತಗಡು ಒಂದೋ ಎರಡೋ ಇರುತ್ತಿತ್ತು. ಗಾಯಕ, ಪಿಟೀಲು, ತಾಳವಾದ್ಯ ಎಲ್ಲರಿಗೂ ಅದೇ ತಗಡು, ಎಲ್ಲರೂ ಒಂದೇ ಸೂರಿನಡಿಯವರು. ಮಿಶ್ರಣವನ್ನು ಟೇಪಿಗೆ ಇಳಿಸಿದಮೇಲೆ ಮುಗಿಯಿತು, ಹಿಂತೆಗೆಯುವಂತಿಲ್ಲ. ಆದಕಾರಣ ಮುದ್ರಕನು ಇಳಿಸುವ ಮೊದಲು ಕೇಳುತ್ತಿದ್ದನು. ಇಷ್ಟು ಸಾಕೆಂದು ನಿರ್ಣಯಿಸುತ್ತಿದ್ದನು. ತಂತ್ರಾಂಶದವನ ಕೈಯಲ್ಲಿ ನೂರು ಮಂದಿರಗಳಿವೆ. ಗಾಯಕನನ್ನು ಇಗರ್ಜಿಯಲ್ಲಿಯೂ, ಮೃದಂಗವನ್ನು ಬಚ್ಚಲಿನಲ್ಲಿಯೂ, ಪಿಟೀಲನ್ನು ಕಣಿವೆಯಲ್ಲಿಯೂ ಕೂರಿಸಬಹುದು. ಇಂದು ಇಟ್ಟದ್ದನ್ನು ನಾಳೆ ತೆಗೆಯಬಹುದು, ನಾಡಿದ್ದು ಮತ್ತೆ ಇಡಬಹುದು. ನಿರ್ಣಯವು ನಾಳೆಗೆ, ನಾಳೆಯಿಂದ ನಾಳಿದ್ದಕ್ಕೆ ಜಾರುವುದು. ಹಾಡು ಮುಗಿಯುವುದೇ ಇಲ್ಲ, ಬಿಟ್ಟುಬಿಡಲ್ಪಡುವುದು.

ಈ ಮಾತನ್ನು ಹೇಳಿ ಹಳೆಯ ಕಾಲವನ್ನು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಅಳಿಸಲಾಗದ ಓಲೆಗರಿಯ ಮೇಲೆ ಕಂಠದಿಂದ ಕೊರೆದ ಲಿಪಿಕಾರನ ತಪ್ಪುಗಳೂ ಶಾಶ್ವತವಾಗಿಯೇ ನಿಂತಿವೆ. ಅವನ್ನು ತಿದ್ದುವುದರಲ್ಲಿ ನಮ್ಮ ಸಂಪಾದಕರ ಅರ್ಧ ಆಯುಸ್ಸು ಕಳೆದಿದೆ. ಅಲ್ಲದೆ, ಇಟ್ಟದ್ದೊಂದೇ ತಗಡಾದ್ದರಿಂದ ಒಂದನ್ನೇ ಬಳಸಿದವನಿಗೆ ಸಂಯಮಿಯೆಂಬ ಬಿರುದು ಹೇಗೆ ಸಲ್ಲುವುದು? ಮನೆಯಲ್ಲಿ ಅಕ್ಕಿಯಿಲ್ಲದ ದಿನದ ಉಪವಾಸವು ಏಕಾದಶಿಯಲ್ಲ. ನೂರು ಮಂದಿರಗಳು ಕೈಯಳತೆಯಲ್ಲಿದ್ದೂ, ಈ ಹಾಡಿಗೆ ಇದೊಂದೇ ಎಂದು ಆರಿಸಿ, ಹಿಂತೆಗೆಯಬಹುದಾದರೂ ಹಿಂತೆಗೆಯದೆ ನಿಲ್ಲುವವನದು ವ್ರತ. ಅದು ಹೆಚ್ಚು ಕಷ್ಟದ್ದು. ಯಂತ್ರವು ಆ ಕಷ್ಟವನ್ನು ಸಾಲದ ಹಣಕ್ಕೆ ನಮ್ಮ ಪರವಾಗಿ ಹೊರುವುದಾಗಿ ಹೇಳುವುದು. ಹಣವಿದ್ದವರು ಕೊಳ್ಳಲಿ, ತಪ್ಪೇನಿಲ್ಲ. ಗುಂಡಿಯನ್ನು ಕೈಯಿಂದ ತಿರುಗಿಸುವುದರಲ್ಲಿ ಒಂದು ಸುಖವೂ ಉಂಟು. ಅದನ್ನು ಸತ್ಯವೆಂದು ಕರೆದು ಬಡವನನ್ನು ಹೆದರಿಸುವುದು ಮಾತ್ರ ಅನ್ಯಾಯ.

ಒಂಬತ್ತನೆಯ ಶತಮಾನದ ಆನಂದವರ್ಧನನು ಕಾವ್ಯದ ವ್ಯಂಗ್ಯಾರ್ಥದ ಒಂದು ಬಗೆಯನ್ನು ಘಂಟೆಯ ಅನುರಣನಕ್ಕೆ ಹೋಲಿಸಿದ್ದಾನೆ. ಮೊದಲು ಪೆಟ್ಟು, ಆಮೇಲೆ ನಿಲ್ಲುವ ನಾದ. ಕ್ರಮವು ಕಿವಿಗೆ ತಿಳಿಯುವುದು. ಪೆಟ್ಟೇ ಬೀಳದಲ್ಲಿ ಅನುರಣನವೆಲ್ಲಿಂದ ಬಂತು? ಶ್ರುತಿ ಸೇರದ ಕಂಠವನ್ನು ಮರೆಮಾಡಲು ಅನುರಣನದ ಮಂಜನ್ನು ಕವಿಸುವ ಪದ್ಧತಿಯು ಎರಡು ಪಕ್ಷಗಳಲ್ಲಿಯೂ ಇದೆ. ಅದರ ವಿಷಯದಲ್ಲಿ ಎರಡು ಪಕ್ಷಗಳೂ ಮೌನವಾಗಿವೆ.

ಇನ್ನು ತಂತ್ರಾಂಶಕ್ಕೆ ಮಾತ್ರ ಸಾಧ್ಯವಾದುದೊಂದನ್ನು ಹೇಳಬೇಕು. ಸ್ಥಳವೊಂದರಲ್ಲಿ ಬಲೂನನ್ನು ಒಡೆದು, ಆ ಸದ್ದು ಹೇಗೆ ಅಡಗುವುದೆಂಬುದನ್ನು ಮುದ್ರಿಸಿಕೊಂಡರೆ, ಗಣಕವು ಯಾವ ಹಾಡನ್ನಾದರೂ ಆ ಸ್ಥಳದಲ್ಲಿ ಹಾಡಿದಂತೆ ಕೇಳಿಸಬಲ್ಲದು. ಇಸ್ತಾಂಬುಲಿನ ಹಾಗಿಯಾ ಸೋಫಿಯಾದ ಗುಮ್ಮಟದಡಿ ಅನುರಣನವು ಹತ್ತು ಸೆಕೆಂಡಿಗೂ ಮೀರಿದ್ದು. ಅಲ್ಲಿ ಶತಮಾನಗಳ ಕಾಲ ನಡೆದ ಬೈಜಾಂಟಿಯಮ್ಮಿನ ಸ್ತೋತ್ರಗಾಯನವು 1453ರಲ್ಲಿ ನಿಂತಿತು. ಕಟ್ಟಡವು ಮಸೀದಿಯಾಗಿ, ಇಪ್ಪತ್ತನೆಯ ಶತಮಾನದಲ್ಲಿ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮತ್ತೆ ಮಸೀದಿಯಾಯಿತು. ಅದು ವಸ್ತುಸಂಗ್ರಹಾಲಯವಾಗಿದ್ದಾಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಅಲ್ಲಿ ಬಲೂನುಗಳನ್ನು ಒಡೆಸಿ ಆ ಸದ್ದನ್ನು ತಂದರು. ಕಪೆಲ್ಲಾ ರೊಮಾನಾ ಎಂಬ ಗಾಯಕವೃಂದದವರು ಕ್ಯಾಲಿಫೋರ್ನಿಯದಲ್ಲಿಯೇ ನಿಂತು, ಆ ಗುಮ್ಮಟದ ಉತ್ತರವನ್ನು ಕೇಳಿಕೊಳ್ಳುತ್ತ ಹಾಡಿದರು. ಆ ಮುದ್ರಿಕೆಯು 2019ರಲ್ಲಿ ಹೊರಬಂದಿತು. ಹಾಡಿಯಾದಮೇಲೆ ಅನುರಣನದ ಉಡುಪನ್ನು ತೊಡಿಸಲಿಲ್ಲವೆಂಬುದನ್ನು ಗಮನಿಸಬೇಕು. ಗಾಯಕರ ಕಿವಿಗೆ ಸ್ಥಳವು ಮುಟ್ಟುತ್ತಿತ್ತು. ಸ್ವರವನ್ನು ಎಲ್ಲಿ ಬಿಡಬೇಕು, ಎಲ್ಲಿ ಕಾಯಬೇಕೆಂಬುದನ್ನು ಅವರು ಆ ಸ್ಥಳವನ್ನೇ ಕೇಳಿಕೊಳ್ಳಬಹುದಾಗಿತ್ತು. ಯಾವ ಉಕ್ಕಿನ ತಗಡೂ ಹೀಗೆ ಒಂದು ಗೊತ್ತಾದ ಸ್ಥಳವಾಗಲಾರದು. ಅಂಕಿಯ ಪಕ್ಷಕ್ಕೆ ಇದಕ್ಕಿಂತ ಹಿರಿದಾದ ಸಾಕ್ಷ್ಯವು ನನಗೆ ತಿಳಿಯದು.

ನನಗೆ ತೋರುವ ಮಟ್ಟಿಗೆ, ಭೇದವಿರುವುದು ಇಲ್ಲಿಯೇ. ಗಾಯಕನು ತನಗೆ ಕೊಡಲಿರುವ ಸ್ಥಳವನ್ನು ಕೇಳಿ ಹಾಡಿದನೆ, ಅಥವಾ ಅವನು ಮನೆಗೆ ಹೋದಮೇಲೆ ಅವನ ದನಿಯನ್ನು ಯಾವುದೋ ಊರಿಗೆ ಸಾಗಿಸಲಾಯಿತೆ? ಮೈಕಿನ ಮುಂದಿರುವವನ ಕಿವಿಗೆ ಅನುರಣನವನ್ನು ಆಗಲೇ ಕೊಡುವುದರಲ್ಲಿ ಹಳೆಯ ತಗಡಿಗೆ ಒಂದು ಅನುಕೂಲವುಂಟು: ಗಣಕದ ಲೆಕ್ಕಕ್ಕೆ ಹಿಡಿಯುವ ಸ್ವಲ್ಪ ವಿಳಂಬ ಅದಕ್ಕಿಲ್ಲ. ಆದರೆ ಗಾಯಕನ ಸ್ವಂತ ದನಿಯನ್ನು ನೇರವಾಗಿ ಕೊಟ್ಟು ಅನುರಣನವನ್ನು ಮಾತ್ರ ಗಣಕದಿಂದ ತಂದರೆ, ಮಿಲಿಸೆಕೆಂಡುಗಳ ಆ ವಿಳಂಬವು ತೊಡಕಾಗುವುದಿಲ್ಲ. ದೊಡ್ಡ ಮಂದಿರದಲ್ಲಿಯೂ ಗೋಡೆಯ ಉತ್ತರವು ತಡವಾಗಿಯೇ ಬರುವುದಷ್ಟೆ.

ಇದನ್ನು ಆ ತರುಣರಿಗೆ ಹೇಳಿದೆ. ಅವರು ಸಾಲವನ್ನು ಮಾಡಲಿಲ್ಲ. ಮುಂದಿನ ತಿಂಗಳು ಸೋಬಾನೆ ಹಾಡಲು ಬಂದ ವೃದ್ಧೆಯೊಬ್ಬರ ಕಿವಿಗೆ ಹೆಡ್‌ಫೋನನ್ನು ಇಟ್ಟು, ತಮಗೆ ಬಹಳ ಮೆಚ್ಚಿಗೆಯಾಗಿದ್ದ ಮಂದಿರವೊಂದನ್ನು ಕೇಳಿಸಿದರಂತೆ. ಆಕೆ ಒಂದು ಸೊಲ್ಲನ್ನು ಹಾಡಿ, ನಿಲ್ಲಿಸಿ, ಹೆಡ್‌ಫೋನನ್ನು ಕೈಯಲ್ಲಿ ಹಿಡಿದುಕೊಂಡು, “ಇದು ಯಾರ ಮನೆ ಕಣಪ್ಪ, ಇಷ್ಟೊಂದು ದೊಡ್ಡದು?” ಎಂದು ಕೇಳಿದರು. ತರುಣರು, “ಯಾರದ್ದೂ ಅಲ್ಲ ಅಜ್ಜಿ, ಚಿಕ್ಕದು ಮಾಡಲೇ?” ಎಂದರು. “ಮಾಡು. ನಾವು ಹಾಡೋದು ಹಜಾರದಲ್ಲಿ” ಎಂದು ಆಕೆ ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಿಕೊಂಡರು. ಮೂರು ಸಲ ಚಿಕ್ಕದು ಮಾಡಿದಮೇಲೆ ಹಾಡು ಸಾಗಿತು.